ನಾಲ್ಕನೇ ಲೇನ್

ಅಘನಾಶಿನಿ
20 ಜನವರಿ 2025

ಚಿ. ದೀಪಾಳಿಗೆ ಅವ್ವಿಯ ಆಶೀರ್ವಾದ.

ನಿನ್ನ ಮಾತಿಗೆ ಉತ್ತರ ಕೊಡಲು ಹದಿನೈದು ದಿನ ತಡವಾಯಿತು. ಕೆಲಸವಿತ್ತು ಎಂದು ಸುಳ್ಳು ಬರೆಯುವುದಿಲ್ಲ. ಸಿಟ್ಟಿತ್ತು. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ಕೆಡುತ್ತದೆ, ಅದಕ್ಕೇ ಕಾದೆ. ಫೋನಿನಲ್ಲಾದರೆ ನೀನು ನನಗೆ ಪೂರ್ತಿ ಮಾತಾಡಲು ಬಿಡುವುದಿಲ್ಲ. ಕಾಗದವನ್ನು ಕೊನೆಯ ತನಕ ಓದುತ್ತೀ ಎಂದು ಬಲ್ಲೆ. ಅಲ್ಲಿ ಜಾಲಿ ಊರಿನಲ್ಲಿ ನೀನೂ ನಿನ್ನ ಯಜಮಾನರು ದಿನೇಶರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ಗದ್ದೆಗೆ ಶೇಂಗಾ ಹಾಕಿದ್ದಾಯಿತು. ನನ್ನ ಮೊಣಕಾಲು ನೋವು ಮುಕ್ಕಾಲು ಪಾಲು ಹೋಗಿದೆ.

ನೀನು ಗಣೇಶನಿಗೆ ಕಳಿಸಿದ ವಾಯ್ಸ್ ಮೆಸೇಜನ್ನು ಅವನು ನನಗೆ ಕೇಳಿಸಿದ. “ಅವ್ವಿಗೆ ಸಾಕು ಹೇಳು. ನಾಲ್ಕು ಜನರ ಎದುರು ಒದ್ದೆ ಮೈಯಲ್ಲಿ ನಿಲ್ಲೂದು ನಮ್ಮ ಮನೆ ಹೆಂಗಸ್ರಿಗೆ ಹೇಳಿದ್ದಲ್ಲ.” ನಿನ್ನ ತಮ್ಮನಿಗೆ ಭಾರೀ ಸಂತೋಷ. ನೋಡು, ನಿನ್ನ ಮಗಳೇ ಹೇಳಿದಳು ಎಂದ. ನಾನು ಅದನ್ನು ಇನ್ನೆರಡು ಸಲ ಹಾಕಿಸಿಕೊಂಡು ಕೇಳಿದೆ.

ಈ ಮನೆಯ ಹೆಂಗಸರ ವಿಷಯ ನನಗೆ ನೀನು ಹೇಳಬೇಕಾಗಿಲ್ಲ. ನಿನ್ನ ಅಜ್ಜಿ ಸಣ್ಣಿಯಿಂದ ನನ್ನ ತನಕ ಎಲ್ಲರೂ ಎದೆಮಟ್ಟದ ನೀರಲ್ಲಿ ನಿಂತು ಬಳಚಿನ ಚಿಪ್ಪು ಆಯ್ದವರು. ಒದ್ದೆ ಸೀರೆಯಲ್ಲೇ ಕುಮಟೆಗೆ ಹೋಗಿ ಮಾರಿ ಬಂದವರು. ಆಗ ಯಾರ ಮಾನವೂ ಹೋಗಲಿಲ್ಲ.

ಗಣೇಶ ನಿನಗೆ ಅರ್ಧ ಮಾತ್ರ ಹೇಳಿರುತ್ತಾನೆ. ಮೊಣಕಾಲಿಗೆ ನೀರಲ್ಲಿ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಕುಮಟೆಯ ಈಜುಕೊಳಕ್ಕೆ ಸೇರಿದೆ. ನಾಲ್ಕು ದಿನ ನಡೆದೆ. ಐದನೇ ದಿನ ಪಕ್ಕದಲ್ಲೊಂದು ಹುಡುಗಿ ಎರಡೂ ಕೈ ಒಟ್ಟಿಗೆ ಎತ್ತಿ ನೀರನ್ನು ಹೊಡೆಯುತ್ತ ಹೋದಳು, ನಮ್ಮ ಅಳಿವೆಯಲ್ಲಿ ಬೆನ್ನು ತೋರಿಸಿ ಮುಳುಗುವ ಡಾಲ್ಫಿನ್ ಹಾಗೆ. ಕಲಿಸುವವಳು ಪವಿತ್ರಾ ಎಂದು, ಹೊನ್ನಾವರದವಳು, ಇಪ್ಪತ್ತಾರು ವರ್ಷ. ಆ ಬಟರ್‌ಫ್ಲೈ ಈಜು ನನಗೂ ಕಲಿಸು ಎಂದೆ. ಅದು ಕಷ್ಟ ಅಮ್ಮಾ, ಮೊದಲು ಬೇರೆ ಕಲಿಯಿರಿ ಎಂದಳು. ಅರವತ್ತಾರು ವರ್ಷದವಳಿಗೆ ಮೊದಲು, ಆಮೇಲೆ ಎಂದೆಲ್ಲ ಹೇಳಬೇಡ ಎಂದೆ.

ಈಜು ನನಗೆ ಬರುತ್ತದೆಂಬ ಹಮ್ಮು ಇತ್ತು. ಮೊದಲ ದಿನವೇ ಇಳಿಯಿತು. ಹೊಳೆಯಲ್ಲಿ ನಾವು ತಲೆ ಎತ್ತಿಯೇ ಈಜುವುದು. ಇಳಿತದ ನೀರು ಎತ್ತ ಎಳೆಯುತ್ತಿದೆ ಎಂದು ತಿಳಿಯಲು ಕಣ್ಣು ದಡದ ಮೇಲಿರಬೇಕು. ಬಟರ್‌ಫ್ಲೈನಲ್ಲಿ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ಕೈ ಮೇಲೇಳುವುದಿಲ್ಲ. ಗದ್ದ ನೀರಿಗೆ ತಾಗಿಸಿಕೊಂಡೇ ಉಸಿರೆಳೆದು, ಕೈ ಮುಂದೆ ಬೀಳುವ ಮೊದಲೇ ಮುಖ ಒಳಗೆ ಹಾಕಬೇಕು. ಕಾಲು ಜೋಡಿಸಿ ಸೊಂಟದಿಂದ ಒದೆಯಬೇಕು. ಕೈ ನೀರಿಗೆ ಹೋಗುವಾಗ ಒಂದು ಒದೆತ, ಹೊರಗೆ ಬರುವಾಗ ಇನ್ನೊಂದು. ಇಷ್ಟು ಕಲಿಯಲು ಎರಡು ತಿಂಗಳು ಬೇಕಾಯಿತು. ಎಷ್ಟು ನೀರು ಕುಡಿದೆನೋ ಲೆಕ್ಕವಿಲ್ಲ.

ಆದರೂ ಎಡಗೈ ಪ್ರತಿ ಸಲ ತಡವಾಗಿ ಬರುತ್ತಿತ್ತು. ಪವಿತ್ರಾ ವಾರವಿಡೀ ನೋಡಿ ಕೊನೆಗೆ ಕೇಳಿದಳು.

“ಅಮ್ಮಾ, ಎಡಗೈಯಲ್ಲಿ ಎಂತ ಹಿಡ್ಕಂಡಿದ್ರಿ?”

“ಬುಟ್ಟಿ ಹಗ್ಗ,” ಎಂದುಬಿಟ್ಟೆ.

ಹೇಳಿದ ಮೇಲೇ ನನಗೂ ತಿಳಿದದ್ದು. ನಲವತ್ತು ವರ್ಷ ಬಳಚಿನ ಬುಟ್ಟಿಯನ್ನು ಹಗ್ಗ ಕಟ್ಟಿ ಎಡಗೈಯಲ್ಲಿ ಎಳೆಯುತ್ತ ಈಜಿದವಳು ನಾನು. ಬುಟ್ಟಿ ಇಲ್ಲದಿದ್ದರೂ ಕೈ ಅದನ್ನು ಎಳೆಯುತ್ತಿದೆ. ಅವಳು ನಗಲಿಲ್ಲ. ಬಲಗೈ ಮುಂದಕ್ಕೆ ಚಾಚಿಸಿ, ಎಡಗೈ ಒಂದರಿಂದಲೇ ದಿನಕ್ಕೆ ಹತ್ತು ಸಲ ಕೊಳದ ಉದ್ದ ಈಜಿಸಿದಳು. ಮನೆಯಲ್ಲಿ ನಾನು ಬಿದಿರಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಜಗಲಿಯ ಮೇಲೆ ನಿಂತು ತಿರುಗಿಸುತ್ತೇನೆ. ಗಣೇಶನ ಹೆಂಡತಿ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಮುಚ್ಚಿಕೊಳ್ಳಲಿ.

ದೋಣಿ ನಿಲ್ಲುವಲ್ಲಿ ಕೃಷ್ಣಾನಂದ ಎಲ್ಲರೆದುರು, ಹೊಳೆಯಲ್ಲಿ ನೀರು ಖಾಲಿಯಾಯ್ತಾ ಉಮಕ್ಕ, ಕೊಳಕ್ಕೆ ಹೋಗ್ತ್ರಂತೆ ಎಂದು ಕೇಳಿದ. ಇಲ್ಲಿ ನಿನ್ನಂಥವರು ದಡದಲ್ಲಿ ಕೂತು ಪುಕ್ಕಟೆ ನೋಡ್ತ್ರು, ಅಲ್ಲಿ ಟಿಕೆಟ್ ತೆಗೀಬೇಕು ಎಂದೆ. ಅವನ ಜೊತೆಯವರೇ ನಕ್ಕರು.

ಈಗ ಮುಖ್ಯ ವಿಷಯ. ಫೆಬ್ರವರಿ ಎರಡರ ಭಾನುವಾರ ಇದೇ ಕೊಳದಲ್ಲಿ ಹಿರಿಯರ ಈಜು ಸ್ಪರ್ಧೆ ಇದೆ. ಐವತ್ತು ಮೀಟರ್ ಬಟರ್‌ಫ್ಲೈಗೆ ಅರವತ್ತು ದಾಟಿದ ಹೆಂಗಸರಲ್ಲಿ ಹೆಸರು ಕೊಟ್ಟವಳು ನಾನೊಬ್ಬಳೇ. ನಡೆಸುವವರು ಫೋನ್ ಮಾಡಿ, ನೀವೊಬ್ಬರೇ ಇದ್ದೀರಿ, ಪದಕ ಹೇಗೂ ಕೊಡುತ್ತೇವೆ, ಸುಲಭದ ಈಜು ಈಜಿಬಿಡಿ ಎಂದರು. ಪದಕ ನಿಮ್ಮ ಹತ್ತಿರವೇ ಇರಲಿ, ನನ್ನ ಹೆಸರು ಬರೆದಲ್ಲಿ ಬರೆದ ಹಾಗೇ ಇರಲಿ ಎಂದೆ. ಎಡಗೈ ಒಂದೇ ಒಂದು ಸಲ ಹಿಂದೆ ಬಿದ್ದರೂ ಅನರ್ಹ. ಗೋಡೆಯನ್ನೂ ಎರಡೂ ಕೈಯಿಂದ ಒಟ್ಟಿಗೇ ಮುಟ್ಟಬೇಕು. ನಲವತ್ತು ಮೀಟರ್ ತನಕ ನನ್ನದು ಸರಿಯಿದೆ. ಕೊನೆಯ ಹತ್ತರಲ್ಲಿ, ಸುಸ್ತಾದಾಗ, ಕೈ ಮತ್ತೆ ಬುಟ್ಟಿ ಹುಡುಕುತ್ತದೆ. ಇನ್ನು ಹದಿಮೂರು ದಿನ ಇದೆ. ಅನರ್ಹ ಮಾಡಿದರೆ ಮಾಡಲಿ. ನೀರಿಗೆ ಇಳಿದೇ ಅನರ್ಹಳಾಗುತ್ತೇನೆ.

ಹಾಗಾಗಿ ನಿಲ್ಲಿಸುವ ಮಾತನ್ನು ಗಣೇಶನ ಮೂಲಕವಾಗಲಿ, ನೇರವಾಗಲಿ ಇನ್ನು ಕಳಿಸಬೇಡ. ಚಳಿಗೆ ದಿನೇಶರ ಕೆಮ್ಮು ಹೆಚ್ಚಾದರೆ ಕಾಳುಮೆಣಸಿನ ಕಷಾಯ ಮಾಡಿ ಕೊಡು. ನಿಮ್ಮಿಬ್ಬರನ್ನೂ ದೇವರು ಗಟ್ಟಿಯಾಗಿಟ್ಟಿರಲಿ. ನಿನ್ನ ಮೈಕೈಗೆ ನನ್ನ ಶಕ್ತಿ ಬರಲಿ, ನನ್ನ ನಾಲಗೆ ಬಾರದಿರಲಿ.

ನಿನ್ನ ಅವ್ವಿ,
ಉಮಾ

ತಾ.ಕ.: ಆ ಮೆಸೇಜನ್ನು ಮತ್ತೆ ಮತ್ತೆ ಕೇಳಿದ್ದು ಅದು ನನ್ನದೇ ಮಾತು ಎಂದು ಗುರುತು ಸಿಕ್ಕಿದ್ದರಿಂದ. ಆ ಜಿಲ್ಲಾ ಈಜು ಸ್ಪರ್ಧೆಯ ದಿನ ನಿನಗೆ ಹದಿನಾರು ವರ್ಷ. ಬಟರ್‌ಫ್ಲೈಗೆ ನೀನು ನಾಲ್ಕನೇ ಲೇನಿನಲ್ಲಿ ನಿಂತಿದ್ದೆ. ನಾನು ನುಗ್ಗಿ ಬಂದು, ನನ್ನ ಸೆರಗನ್ನು ನಿನ್ನ ಮೈಗೆ ಸುತ್ತಿ, ಎಲ್ಲರೆದುರು ಅದೇ ಮಾತು ಹೇಳಿ ನಿನ್ನನ್ನು ಎಳೆದುಕೊಂಡು ಹೋದೆ. ಹಿಂದೆ ಸೀಟಿ ಊದಿದಾಗ ನೀನು ತಿರುಗಿ ನೋಡಿದೆ. ನಾನು ನೋಡಲಿಲ್ಲ. ಆಮೇಲೆ ನೀನು ಹೊಳೆಗೂ ಇಳಿಯಲಿಲ್ಲ. ಇಪ್ಪತ್ತೈದು ವರ್ಷ ಒಂದಕ್ಷರ ಬಿಡದೆ ಆ ಮಾತನ್ನು ಇಟ್ಟುಕೊಂಡಿದ್ದೀ ಎಂದು ನನಗೆ ಗೊತ್ತಿರಲಿಲ್ಲ. ಆಗ ನಾನು ಹೇಳಿದ್ದು ತಪ್ಪು. ಈಗ ನೀನು ಹೇಳಿದ್ದೂ ತಪ್ಪು. ನಾನೇ ಕೇಳಿ ನಾಲ್ಕನೇ ಲೇನ್ ತೆಗೆದುಕೊಂಡಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಸೀಟಿ. ನೀರಿನಿಂದ ಮೇಲೆ ಬಂದಾಗ ನನಗೊಂದು ಟವೆಲ್ ಬೇಕು. ಗಣೇಶ ತರುವುದಿಲ್ಲ. ನೀನು ತಂದರೆ ಆತು.