ಅವರು ಹಾಡುವ ಶ್ರುತಿ ಯಾವುದು

ವಿಕ್ರೋಳಿ, ಮುಂಬಯಿ
೧೨ ನವೆಂಬರ್ ೨೦೨೫

ಪ್ರೀತಿಯ ಅಪ್ಪನಿಗೆ,

ಸೇರಿಸಿಕೊಂಡುಬಿಟ್ಟಿರಿ ಅಪ್ಪಾ, ಕೊಲ್ಲಿ ದೇಶಗಳ ಕನ್ನಡಿಗರ ಹಾಡಿನ ಸ್ಪರ್ಧೆಗೆ ನಮ್ಮ ಮುಂಬಯಿಯನ್ನೂ ಸೇರಿಸಿಕೊಂಡುಬಿಟ್ಟಿರಿ! ಭಾನುವಾರದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ನೀವೂ ಅಮ್ಮನೂ ಹೇಗಿದ್ದೀರಿ? ಮದುವೆಯಾಗಿ ಇಷ್ಟು ದಿನವಾದರೂ ಒಂದು ಕಾಗದ ಬರೆಯಲಿಲ್ಲ, ಕ್ಷಮಿಸಿ. ಫೋನ್ ಮಾಡಿದರೆ ಅಮ್ಮನೇ ಎತ್ತಿ, "ಅಪ್ಪ ತೋಟದಲ್ಲಿದ್ದಾರೆ" ಅನ್ನುತ್ತಾಳೆ. ಉಡುಪಿಯ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ನಮಗೆಲ್ಲಿಯ ತೋಟ! ಕಾಗುಣಿತ ತಪ್ಪಿದ್ದರೆ ಬೈಯಬೇಡಿ, ನನ್ನನ್ನು ಕಾನ್ವೆಂಟಿಗೆ ಹಾಕಿದ್ದು ನೀವೇ.

ಭಾನುವಾರದ ಆನ್‌ಲೈನ್ ಮೀಟಿಂಗಿನಲ್ಲಿ ನಾನೂ ಇದ್ದೆ, ಅದು ನಿಮಗೆ ಗೊತ್ತಿಲ್ಲ. ಗ್ರಾಂಟ್ ರೋಡಿನಲ್ಲಿ ತಿಲಕ್ ಅಂಕಲ್ ಹೋಟೆಲಿನ ಮಾಳಿಗೆಯಲ್ಲಿ, ಲ್ಯಾಪ್‌ಟಾಪಿನ ಹಿಂದೆ ಕುಳಿತಿದ್ದೆ. ಇಲ್ಲಿನ ಕನ್ನಡ ಸಂಘದವರು ರಜೆಯೆಂದು ಭಾನುವಾರ ಇಟ್ಟರು. ಕೊಲ್ಲಿಯ ಹೆಚ್ಚಿನ ದೇಶಗಳಲ್ಲಿ ರಜೆ ಶುಕ್ರವಾರ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ! ಪಾಪ, ಅಲ್ಲಿಯವರೆಲ್ಲ ಡ್ಯೂಟಿಯಲ್ಲಿ. ಮಸ್ಕತ್ತಿನ ಸುಕೇಶಣ್ಣ ತಾವು ದುಡಿಯುವ ಹೋಟೆಲಿನ ಅಡುಗೆಮನೆಯಿಂದಲೇ ಪಿಸುಗುಟ್ಟಿದರು, ಹಿಂದೆ ಕುಕ್ಕರ್ ಕೂಗುತ್ತಿತ್ತು.

"ನೋಡಿ ಮಾರಾಯ್ರೆ, ಮುಂಬಯಿಯವರಿಗೆ ಗಲ್ಲಿಗೊಂದು ಸ್ಟೇಜ್ ಉಂಟು. ನಮಗೆ ವರ್ಷಕ್ಕೆ ಒಂದೇ. ಕ್ಲಾಸಿಗೆ ಹೋಗಿ ಕಲಿತವರು ಬಂದ್ರೆ ನಮ್ಮ ಹುಡುಗರು ಬಾಯಿ ಬಿಡ್ಲಿಕ್ಕೆ ಉಂಟಾ?"

"ಅರೆ ಯಾರ್, ನಾವೇನು ಪರದೇಶಿಗಳಾ?" ಎಂದರು ತಿಲಕ್ ಅಂಕಲ್. "ನಿಮ್ಮಲ್ಲಿ ಅರ್ಧ ಜನ ನನ್ನ ಹೋಟೆಲಲ್ಲಿ ಪ್ಲೇಟ್ ಎತ್ತಿಯೇ ಅಲ್ಲಿಗೆ ಹೋದದ್ದು!"

ನಿಜ ಹೇಳಲೇ? ನನಗೆ ಸುಕೇಶಣ್ಣ ಹೇಳಿದ್ದೇ ಸರಿ ಅನ್ನಿಸಿತು. ಎರಡು ದೇಶ ಹೌದು ಅಂದವು, ಎರಡು ಬೇಡ ಅಂದವು. ಎಲ್ಲರೂ ನಿಮ್ಮ ಮುಖ ನೋಡಿದರು. ಕುವೈಟ್‌ನಲ್ಲಿದ್ದಾಗ ಸ್ಪರ್ಧೆ ಕಟ್ಟಿದವರು ನೀವು, ಕೊಲ್ಲಿಯ ಹೊರಗಿನವರು ಬೇಡ ಎಂಬ ನಿಯಮ ಬರೆದವರೂ ನೀವೇ. ನನ್ನ ಕಾಶಿನಾಥನ ವಿಷಯ ತೆಗೆದಾಗ, "ಹೊರಗಿನವನಿಗೆ ಮಗಳನ್ನು ಕೊಡುವುದಿಲ್ಲ" ಎಂದದ್ದೂ ಇದೇ ಬಾಯಿ. ನನಗೆ ಆಸೆ ಇರಲಿಲ್ಲ ಅಪ್ಪಾ.

ನೀವು ಕನ್ನಡಕ ತೆಗೆದು ಒರೆಸಿದಿರಿ. "ಸುಕೇಶ ಹೇಳಿದ್ದು ತಪ್ಪಲ್ಲ. ಅದಕ್ಕೇ ನಾನು ನಿಯಮ ಮಾಡಿದ್ದು. ಆದ್ರೆ ಎಷ್ಟು ವರ್ಷ ಅಂತ ನಾವು ನಾವೇ ಹಾಡಿ ನಾವು ನಾವೇ ಚಪ್ಪಾಳೆ ಹೊಡೀಲಿಕ್ಕೆ ಆಗ್ತದೆ? ಸಂಗೀತವೇ ಕಸುಬು ಆದವರು ಬೇಡ. ಡ್ಯೂಟಿ ಮುಗಿಸಿ ಬಂದು ಹಾಡುವವರು ಬರಲಿ. ಯಾವ ದೇಶದವರಾದ್ರೂ ಬರಲಿ."

ಖುಷಿಯಲ್ಲಿ ತಿಲಕ್ ಅಂಕಲ್ ಬಾಯಿ ತಡೆಯಲಿಲ್ಲ. "ಸೀನಣ್ಣ, ನಮ್ಮ ಹಾಡುಗಾರನೂ ಹಾಗೇ! ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಮಾಡುವ ಕಾಶಿನಾಥ. ಅಂದ್ರೆ... ನಿಮ್ಮ..." ಎಂದು ನಿಮಗೆ ಹೇಳಹೊರಟವರು ಅಲ್ಲಿಗೇ ನಿಂತರು.

ನೀವು ಕನ್ನಡಕ ಮತ್ತೆ ಹಾಕಿಕೊಂಡಿರಿ. ಈಗ ಸ್ಕ್ರೀನ್ ಕಪ್ಪಾಗುತ್ತದೆ ಅಂದುಕೊಂಡು ನಾನು ಪಕ್ಕದಲ್ಲೇ ಇದ್ದ ಕಾಶಿಯ ಕೈ ಹಿಂಡಿದೆ. ಆಮೇಲೆ ನೀವು ಕೇಳಿದಿರಿ: "ಅವರು ಹಾಡುವ ಶ್ರುತಿ ಯಾವುದು? ಹಾರ್ಮೋನಿಯಂ ಹಿಡಿಯುವವ ನಾನಲ್ವಾ."

ಕಾಶಿ ದಡಕ್ಕನೆ ಎದ್ದು, "ಕರಿ ಎರಡ್ರೀ ಮಾವಾರ!" ಎಂದು ಹಾರ್ಮೋನಿಯಂನ ತನ್ನ ಕಪ್ಪು ಮನೆಯನ್ನು ಕೂಗಿ ಹೇಳಿಬಿಟ್ಟ. ನೀವು "ಹ್ಞಾಂ" ಎಂದಿರಿ. ಅಷ್ಟೇ! ನಾನು ಅಲ್ಲೇ ಅತ್ತೆ, ಅತ್ತು ನಕ್ಕೆ, ತಿಲಕ್ ಅಂಕಲ್ ಎಲ್ಲರಿಗೂ ಫ್ರೀಯಾಗಿ ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದರು.

ಮನೆಗೆ ಬಂದು ಹೇಳಿದರೆ ನಮ್ಮತ್ತೆ ಹನುಮವ್ವ, "ಶ್ರುತಿ ಕೇಳ್ಯಾರಂದ್ರ ಮುಗೀತ್ ಬಿಡವ್ವಾ, ಬೀಗರ ಸಿಟ್ಟು ಇಳದೈತಿ. ಖಡಕ್ ರೊಟ್ಟಿ ಮಾಡಿಕೊಡ್ತೀನಿ, ತವರಿಗೆ ಒಯ್ಯಿ" ಎಂದರು. ನಿಮ್ಮ ಹಲ್ಲಿನ ಗತಿ ಏನೋ!

ಅಮ್ಮನಿಗೆ ನನ್ನದೊಂದು ಅಪ್ಪುಗೆ. ನಮ್ಮಿಬ್ಬರ ತಲೆಯ ಮೇಲೂ ನಿಮ್ಮ ಕೈ ಇರಲಿ.

ನಿಮ್ಮ ಮುದ್ದಿನ,
ಶ್ರೇಯಾ

ಮರೆತ ಮಾತು: ಮದುವೆಗೆ ಅಮ್ಮ ಬಂದಳು, ಚಿಕ್ಕಪ್ಪ ಬಂದರು. ಧಾರೆಯ ಹೊತ್ತಿಗೆ ಭಟ್ಟರು, "ಹುಡುಗಿಯ ಅಪ್ಪ ಎಲ್ಲಿ?" ಎಂದರು. "ಹುಷಾರಿಲ್ಲ" ಎಂದು ನಾನೇ ಹೇಳಿದೆ. ನಮ್ಮ ಕೈ ಮೇಲೆ ಚಿಕ್ಕಪ್ಪ ನೀರು ಎರೆದರು. ಫೋಟೋದಲ್ಲೆಲ್ಲ ನಾನು ನಗುತ್ತಿದ್ದೇನೆ, ನೀವು ನೋಡಿರಬಹುದು. ಆ ನೀರು ನಿಮ್ಮ ಕೈಯಿಂದ ಬೀಳಬೇಕಿತ್ತು ಅಪ್ಪಾ. ಬೇರೆ ಯಾವುದಕ್ಕೂ ನಾನು ನಿಮ್ಮ ಮೇಲೆ ಮುನಿಸಿಕೊಂಡಿಲ್ಲ. ಸ್ಟೇಷನ್ನಿಗೆ ಬರಬೇಕೆಂದಿಲ್ಲ, ಬಾಗಿಲು ಮಾತ್ರ ನೀವೇ ತೆಗೆಯಿರಿ. ಇಪ್ಪತ್ತೆರಡನೇ ತಾರೀಕು, ಶನಿವಾರ ಬೆಳಿಗ್ಗೆ, ಮತ್ಸ್ಯಗಂಧಾ ಎಕ್ಸ್‌ಪ್ರೆಸ್. ಇಬ್ಬರೂ ಬರುತ್ತೇವೆ.