ನೀಲಿ ಕಾರಿನವರು ಜಪಾನಿನವರಲ್ಲ

ಜಮಖಂಡಿ
೯ ಅಕ್ಟೋಬರ್ ೨೦೨೫

ಬನಹಟ್ಟಿಯ ನಮ್ಮ ಮನೆಯವರಿಗೆ,

ಶೇವಂತಿಯ ನಮಸ್ಕಾರ. ಫೋನಿರುವಾಗ ಇದೇನು ಕಾಗದ ಎಂದು ನಗಬೇಡಿ. ಫೋನಿನಲ್ಲಿ ನೀವು ‘ಹೂಂ’ ಅನ್ನುತ್ತೀರಿ, ನಾನು ‘ಮತ್ತ?’ ಅನ್ನುತ್ತೇನೆ, ನೀವು ‘ಏನಿಲ್ಲ’ ಅನ್ನುತ್ತೀರಿ, ಮುಗಿಯಿತು. ಕಾಗದವನ್ನಾದರೆ ಪೂರ್ತಿ ಓದಲೇಬೇಕು.

ಒಂದು ಸುದ್ದಿ ಇದೆ. ನಾವು ಕೂಡಿ ಕೇಳುತ್ತಿದ್ದ ಹಾಡಿನ ಆ ನೀಲಿ ಕಾರಿನವರು ಜಪಾನಿನವರೇ ಅಲ್ಲವಂತ್ರೀ! ಅಮೆರಿಕದವರಂತೆ! ನಿನ್ನೆ ಅವರ ಸಂದರ್ಶನ ನೋಡಿದೆ. ಹಾಡಿನ ಜೊತೆ ಬರುವ ಪಟದಲ್ಲಿ ಸಮುದ್ರದ ದಂಡೆ, ನೀಲಿ ಕಾರು, ಆ ಅಕ್ಷರ ಎಲ್ಲ ನೋಡಿ ಜಪಾನಿನವರೆಂದು ನಾವೇ ಠರಾಯಿಸಿಬಿಟ್ಟಿದ್ದೆವಲ್ಲ. ನೋಡಿದರೆ ಗೋವಿನಜೋಳದ ಹೊಲಗಳ ನಡುವಿನ ಯಾವುದೋ ಸಣ್ಣ ಊರಿನ ನಾಲ್ವರು. ನಲವತ್ತು ವರ್ಷ ಹಿಂದಿನ ಜಪಾನಿ ಪಾಪ್ ಹಾಡುಗಳನ್ನು ಕೇಳಿ ಹುಚ್ಚು ಹಿಡಿಸಿಕೊಂಡು, ಆ ಭಾಷೆ ಕಲಿತು, ಅದೇ ಧಾಟಿಯಲ್ಲಿ ತಾವೇ ಹಾಡು ಕಟ್ಟಿದ್ದಾರೆ. ಆ ಹಾಡುಗಾರ್ತಿ ಜಪಾನನ್ನು ಕಂಡೇ ಇಲ್ಲವಂತೆ, ಆ ಕಾಲಕ್ಕೆ ಹುಟ್ಟಿಯೂ ಇರಲಿಲ್ಲವಂತೆ. ಆದರೂ ಅಲ್ಲಿಗೆ ಮರಳಿ ಹೋಗಬೇಕು ಅನ್ನಿಸುತ್ತದೆ ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ನಿಮಗೆ ಹೇಳಬೇಕೆಂದು ಪಕ್ಕಕ್ಕೆ ತಿರುಗಿದೆ, ಅವ್ವ ಸೊಪ್ಪು ಸೋಸುತ್ತಿದ್ದಳು. ‘ಒಬ್ಬಾಕಿನ ಯಾಕ ನಗಾಕತ್ತಿ?’ ಎಂದಳು. ಅಮೆರಿಕದವರು ಜಪಾನಿ ಹಾಡು ಹಾಡುತ್ತಾರೆ ಎಂದೆ. ‘ಹಾಡ್ಲೇಳು, ನಮಗೇನು’ ಎಂದಳು. ಈ ಸುದ್ದಿ ಕೇಳಿ ನನ್ನ ಹಾಗೆ ನಗುವವರು ಲೋಕದಲ್ಲಿ ನೀವೊಬ್ಬರೇ. ಆಗ ಅಳು ಬಂತು.

ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಾಗ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆವಲ್ಲ, ನಿಮ್ಮ ಕಿವಿಗೊಂದು ನನ್ನ ಕಿವಿಗೊಂದು ಇಯರ್‌ಫೋನ್ ಸಿಕ್ಕಿಸಿಕೊಂಡು. ಅರ್ಥ ಹೇಳುವವರು ನೀವು. ‘ಚಹಾ ಮಾಡ್ಲೇನ್ರಿ ಅಂತ ಗಂಡಗ ಕೇಳಾಕತ್ತಾಳ’ ಅನ್ನುತ್ತಿದ್ದಿರಿ, ನಾನೆದ್ದು ಒಲೆ ಹಚ್ಚಲಿ ಎಂದು. ಆ ಹಾಡಿನ ಖರೆ ಅರ್ಥವನ್ನೂ ನಿನ್ನೆ ಓದಿದೆ. ಅದರಲ್ಲಿ ಚಹಾ ಇಲ್ಲ, ಗಂಡನೂ ಇಲ್ಲ. ಒಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತಿದ್ದಾಳೆ, ಅಷ್ಟೇ.

ಕರೆಂಟು ಬಂದ ಮೇಲೂ ಕೇಳುತ್ತೇನೆಂದು ನನ್ನಿಂದ ಇಯರ್‌ಫೋನ್ ಇಸಿದುಕೊಂಡವರು ನೀವು. ಮಗ್ಗದ ಮುಂದೆ ಕಿವಿ ಮುಚ್ಚಿಕೊಳ್ಳಬಾರದೆಂದು ನೇಕಾರರ ಮನೆಯ ಕೂಸಿಗೂ ಗೊತ್ತು. ಎಳೆ ಹರಿದು ಸಪ್ಪಳ ಬದಲಾದದ್ದು ನಿಮಗೆ ಕೇಳಿಸಲಿಲ್ಲ, ಸೀರೆಯ ಉದ್ದಕ್ಕೂ ಗೆರೆ ಬಿತ್ತು. ‘ಹಾಡ ಹಚ್ಚಿ ಇಕಿನ ನನ್ನ ಮಗನ್ನ ಕೆಡಿಸ್ಯಾಳ’ ಎಂದು ಅತ್ತೆಯವರು ಓಣಿಗೆಲ್ಲ ಕೇಳುವಂತೆ ಬೈದರು. ಬೈಯಲಿ, ಹಿರಿಯರು. ‘ನಾನ ಇಸಗೊಂಡೇನಿ’ ಎಂದು ನಿಮ್ಮ ಬಾಯಿಂದ ಒಂದು ಮಾತು ಬರಬಾರದಿತ್ತೇ? ತಲೆ ಬಗ್ಗಿಸಿ ಎಳೆಗೆ ಗಂಟು ಹಾಕುತ್ತ ಕೂತಿರಿ. ಪಂಚಮಿಗೆಂದು ತವರಿಗೆ ಬಂದವಳು ಆ ಸಿಟ್ಟಿಗೇ ಉಳಿದೆ.

ಗಂಡನ ಮನೆಯವರು ಕರೆಯಲು ಬಾರದೆ ಹೆಣ್ಣುಮಗಳು ತವರಿನಿಂದ ತಾನಾಗಿ ಹೊರಡುವಂತಿಲ್ಲ, ಈ ಪದ್ಧತಿ ನಿಮಗೆ ಗೊತ್ತು. ದಸರೆಗೆ ಬನ್ನಿ ಕೊಡಲೂ ನೀವು ಬರಲಿಲ್ಲ. ‘ದೀಪಾವಳಿ ತನಕ ನೋಡತೇನಿ. ಆಮ್ಯಾಲ ಹಿರ್ಯಾರನ್ನ ಕೂಡಿಸಿ ಸೋಡಚೀಟಿನ ಕೇಳತೇನಿ’ ಎಂದಿದ್ದಾನೆ ಅಪ್ಪ. ಅಂದದ್ದನ್ನು ಮಾಡುವ ಮನುಷ್ಯ ಅವನು.

ನನಗೆ ಸೋಡಚೀಟಿ ಬೇಡ್ರೀ, ಗಂಡ ಹೆಂಡಿರನ್ನು ಬೇರೆ ಮಾಡುವ ಆ ಕಾಗದ ಬೇಡ. ಇಲ್ಲಿ ಓಣಿ ಬಹಳ ಶಾಂತ, ಅದಕ್ಕೇ ನಿದ್ದೆ ಹತ್ತುವುದಿಲ್ಲ. ನಿಮ್ಮ ಮಗ್ಗದ ಸಪ್ಪಳ ಬೇಕು, ನೀವು ಬೇಕು. ಬಿಚ್ಚಿ ಹೇಳಿಬಿಟ್ಟೆ, ಇನ್ನೆಲ್ಲಿಯ ನಾಚಿಕೆ. ಬನಹಟ್ಟಿಯಿಂದ ಜಮಖಂಡಿಗೆ ಬಸ್ಸಿಗೇನೂ ಬರವಿಲ್ಲ. ಬಂದು ಅಪ್ಪನ ಮುಂದೆ ಭಾಷಣ ಮಾಡಬೇಕಿಲ್ಲ, ‘ಶೇವಂತಿನ ಕರಿಯಾಕ ಬಂದೇನ್ರಿ’ ಎಂದರೆ ಸಾಕು.

ದಾರಿ ಕಾಯುತ್ತಿರುವ,
ನಿಮ್ಮ ಶೇವಂತಿ

ವಿ.ಸೂ.: ಅತ್ತೆಯವರು ನಿಮಗೆ ಹೇಳಿರಲಿಕ್ಕಿಲ್ಲ. ಬನ್ನಿಯ ಮರುದಿನ ಅವರು ಇಲ್ಲಿಗೆ ಬಂದಿದ್ದರು, ಒಬ್ಬರೇ, ಕುಬಸದ ಬಟ್ಟೆ, ಉಡಿ ತುಂಬುವ ಸಾಮಾನು ಹಿಡಿದುಕೊಂಡು. ‘ತಪ್ಪಾತವ್ವಾ, ಮನಿಗೆ ನಡಿ’ ಎಂದು ನನ್ನ ಕೈ ಹಿಡಿದರು. ಪದ್ಧತಿಗೆ ಅಷ್ಟು ಸಾಕಿತ್ತು, ಅಂದೇ ಹೊರಡಬಹುದಿತ್ತು. ‘ಅವರ ಕಳಿಸ್ಯಾರೇನ್ರಿ?’ ಎಂದು ಕೇಳಿದೆ. ಅವರು ನನ್ನ ಕೈ ಬಿಟ್ಟು ಉಡಿಯ ಸಾಮಾನು ಸರಿಮಾಡತೊಡಗಿದರು. ಉಣ್ಣಲಿಕ್ಕೆ ಬಡಿಸಿ, ಬನಹಟ್ಟಿಯ ಬಸ್ಸು ಹತ್ತಿಸಿ ಬಂದೆ. ಅಪ್ಪ ಆಗ ಮನೆಯಲ್ಲಿರಲಿಲ್ಲ, ಅವನಿಗೆ ಇನ್ನೂ ಹೇಳಿಲ್ಲ.