ಪಾದೋದಕ ಕುಡಿದ ಮನೆ

ಆದೋನಿ,
ಗುರುವಾರ, ೨೦-೧೧-೨೦೨೫

ಪ್ರೀತಿಯ ಗಂಗೋತ್ರಿ,

ನಿನ್ನ ಅತ್ತೆ ಎರ್ರಮ್ಮನ ಹರಕೆ ಮೊದಲು ನಿನಗೆ ಮುಟ್ಟಲಿ. ಕೆಮ್ಮು ಹೇಗಿದೆ ತಾಯಿ? ರಾಯದುರ್ಗದ ಕಡೆ ಆಗಲೇ ಚಳಿ ಬಿದ್ದಿದೆಯಂತೆ. ಶಾಲೆಯ ಮಕ್ಕಳ ಮುಂದೆ ಕೂಗಿ ಕೂಗಿ ಗಂಟಲು ಹಾಳು ಮಾಡಿಕೊಳ್ಳಬೇಡ. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಒಬ್ಬಳೇ ಇದ್ದೀಯೆಂದು ರಾತ್ರಿ ಅನ್ನ ಬಿಟ್ಟು ಬಿಸ್ಕತ್ತು ತಿಂದು ಮಲಗಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಎದೆ ಒಡೆದುಕೊಳ್ಳಬೇಡ: ನಿನ್ನ ಕೂಸು ಅಮೂಲ್ಯ ಚೆನ್ನಾಗಿದ್ದಾಳೆ. ನನ್ನ ಪಕ್ಕದಲ್ಲೇ ಕೂತು ನವಿಲಿಗೆ ಬಣ್ಣ ಹಚ್ಚುತ್ತಿದ್ದಾಳೆ. ಮೈಮೇಲೆ ಒಂದು ಗೀರೂ ಇಲ್ಲ. ಅಷ್ಟು ಗಟ್ಟಿ ಮಾಡಿಕೊಂಡು ಮುಂದೆ ಓದು.

ಫೋನು ಬಿಟ್ಟು ಈ ಮುದುಕಿ ಕಾಗದ ಹಿಡಿದಳಲ್ಲ ಎಂದು ನಗಬೇಡ. ನಿನ್ನ ಫೋನು ಬಂದರೆ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತಾರೆ, ನಿನ್ನ ಮಾವ ಉಯ್ಯಾಲೆಯ ಮೇಲೆ ಕೂತು ಕಿವಿ ಕೊಟ್ಟಿರುತ್ತಾರೆ. ನಾನು ಹೇಳಬೇಕಾದ ಮಾತನ್ನು ನಿನಗೆ ಹೇಳಕೂಡದೆಂದು ಈ ಮನೆಯಲ್ಲಿ ಅಪ್ಪಣೆಯಾಗಿದೆ. ಕಾಗದಕ್ಕೆ ಆ ಭಯವಿಲ್ಲ. ಅಪ್ಪ ಮಗ ಇಬ್ಬರೂ ಓದಿದ್ದು ತೆಲುಗು ಶಾಲೆ, ಮನೆಯಲ್ಲಿ ಆಡುವುದು ಕನ್ನಡವಾದರೂ, ಅಕ್ಷರ ತೆಲುಗಿನ ಹಾಗೇ ಕಂಡರೂ, ನನ್ನ ಕೂಡುಬರಹ ಅವರಿಗೆ ಹತ್ತುವುದಿಲ್ಲ. ನಾನು ಬಳ್ಳಾರಿಯಲ್ಲಿ ಹತ್ತನೇ ಕ್ಲಾಸಿನ ತನಕ ಕನ್ನಡ ಓದಿದ್ದು ಇವತ್ತು ಕೆಲಸಕ್ಕೆ ಬಂತು. ಇದು ಅವರ ಕೈಗೆ ಸಿಕ್ಕರೂ ಸಾಮಾನಿನ ಚೀಟಿ ಎಂದುಕೊಳ್ಳುತ್ತಾರೆ.

ಮೊನ್ನೆ ಕಡೆಯ ಕಾರ್ತಿಕ ಸೋಮವಾರ. ನಾನು ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದೆ. ಹತ್ತಿ ಅಂಗಡಿಯಿಂದ ನಿನ್ನ ಮಾವ ಫೋನು ಮಾಡಿ, "ಅಯ್ಯನೋರು ಬಂದಾರ, ಮನಿಗೆ ಕರ್ಕೊಂಡು ಬರ್ತೀವಿ, ಪಾದಪೂಜಿಗೆ ತಯಾರಿ ಮಾಡು" ಎಂದರು. ಯಾವ ಅಯ್ಯನವರು, ಯಾವ ಮಠ ಎಂದು ಕೇಳುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಬಂದವನಿಗೆ ಮೂವತ್ತೈದರ ವಯಸ್ಸಿರಬಹುದು. ಕಾವಿ ಲುಂಗಿ, ಕಾವಿ ಶಾಲು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಲಿಂಗದ ಕರಡಿಗೆ. ಬಳ್ಳಾರಿ ಕಡೆಯ ಒಂದು ಮಠದ ಹೆಸರು ಹೇಳಿ ತಾನು ಅಲ್ಲಿಯ ಮರಿಸ್ವಾಮಿ ಎಂದನಂತೆ. ತೀರಿಹೋದ ನಮ್ಮ ಮಾವನವರ ಹೆಸರು ಹಿಡಿದು, "ಅವರು ಶರಣರು, ಅಂಥವರ ಮನಿ ಇದು" ಎಂದನಂತೆ. ಅಷ್ಟಕ್ಕೇ ನಿನ್ನ ಮಾವನ ಕಣ್ಣಲ್ಲಿ ನೀರು. ಅಲ್ಲ, ಆ ಹೆಸರು ನಮ್ಮ ಅಂಗಡಿಯ ಬೋರ್ಡಿನ ಮೇಲೆ ಫೋಟೋ ಸಮೇತ ಮೊಳದುದ್ದ ಬರೆದಿದೆಯಲ್ಲ! ರಸ್ತೆಯಲ್ಲಿ ಹೋಗುವ ಯಾರಾದರೂ ಓದಿ ಹೇಳಬಹುದು. ನಿನ್ನ ಮಾವ ಒಂದು ಅಂಡಿಗೆ ಹತ್ತಿ ಕೊಳ್ಳಬೇಕಾದರೆ ಚೀಲದೊಳಗೆ ಮೊಳಕೈ ತನಕ ಕೈ ತುರುಕಿ, ನಡುವಿನಿಂದ ಒಂದು ಹಿಡಿ ಕಿತ್ತು, ಎಳೆ ಎಳೆದು ನೋಡುತ್ತಾರೆ. ಮೇಲಿನ ಹತ್ತಿಯನ್ನು ಯಾವತ್ತೂ ನಂಬಿದವರಲ್ಲ. ಮನುಷ್ಯನನ್ನು ಮಾತ್ರ ಹಣೆ ನೋಡಿ ಒಳಗೆ ಬಿಟ್ಟರು.

ಗದ್ದಿಗೆ ಹಾಕಿ ಕೂಡಿಸಿದರು. ಹಿತ್ತಾಳೆ ತಟ್ಟೆಯಲ್ಲಿ ಅವನ ಪಾದ ತೊಳೆದರು. ಆ ನೀರನ್ನು ಪಾದೋದಕವೆಂದು ಎಲ್ಲರೂ ಅಂಗೈಯಲ್ಲಿ ಹಿಡಿದು ಕುಡಿದೆವು, ನಾನೂ ಕುಡಿದೆ. ನಾನೇನು ಪಾದೋದಕವನ್ನು ಹೀಗಳೆಯುವವಳಲ್ಲ. ನಮ್ಮ ಗುರುಗಳು ಬಂದಾಗ ತಲೆಬಾಗಿ ತೆಗೆದುಕೊಂಡೇ ಇಷ್ಟು ವಯಸ್ಸಾಗಿದೆ. ಆದರೆ ಆ ಹೊತ್ತು ಬಾಗಿಲ ಸಂದಿಯಿಂದ ಅಮೂಲ್ಯ ಇಣುಕಿದಳು. ಅವನು, "ಬಾ ಕೂಸ, ತೊಡಿ ಮ್ಯಾಲ ಕೂಡು" ಎಂದ. ಆಕಿ "ಒಲ್ಲೆ" ಎಂದಳು. ನಿನ್ನ ಮಾವ, "ಅಯ್ಯನೋರು ಕರದ್ರ ಒಲ್ಲೆ ಅಂತಾರೇನು?" ಎಂದು ಮಗುವನ್ನು ಎತ್ತಿ ತಂದು ಅವನ ತೊಡೆಯ ಮೇಲೆ ಇಟ್ಟರು. ಜಾರಿ ಇಳಿದಳು. ಮತ್ತೆ ಇಟ್ಟರು. ಮತ್ತೆ ಇಳಿದು ಓಡಿದಳು. ಎಲ್ಲರೂ ನಕ್ಕರು, ಅವನೂ ನಕ್ಕ. ನಾನು ಬೇಳೆ ತಳ ಹಿಡಿಯುತ್ತದೆಂದು ಒಳಗೆ ಹೋದೆ.

ಹೋಳಿಗೆ ಹಿಟ್ಟು ಕೈಯಲ್ಲಿರುವಾಗ ಬಾಗಿಲಲ್ಲಿ ಬೈಕು ಶುರುವಾದ ಸದ್ದು ಕೇಳಿಸಿತು. ಕೇಳು, ಏನು ನಡೆದಿತ್ತೆಂದು. ಆ ಕಾವಿಯವನು, "ಕೂಸಿಗೆ ದಿಷ್ಟಿ ಬಾಳ ಆಗೈತಿ. ಗುಡ್ಡದ ಕೆಳಗ ಬಸವಣ್ಣನ ಗುಡಿಗೆ ಒಬ್ಬಾಕಿನ್ನ ಕರ್ಕೊಂಡು ಹೋಗಿ ವಿಭೂತಿ ಹಚ್ಚಿ ತರ್ತೀನಿ, ಮನಿಯವರು ಹಿಂದ ಬರಂಗಿಲ್ಲ" ಎಂದಿದ್ದಾನೆ. ಮನೆಯವರು ಹಿಂದೆ ಬರಬಾರದಂತೆ! ಆರು ವರ್ಷದ ಹೆಣ್ಣುಮಗುವನ್ನು, ಒಂದು ಗಂಟೆಯ ಹಿಂದೆ ಮುಖ ನೋಡಿದವನ ಬೈಕಿನ ಮೇಲೆ ಕೂಡಿಸಿದವನು ಯಾರು ಗೊತ್ತೇ? ನಿನ್ನ ಗಂಡ. ನಾನು ಹೆತ್ತ ಸೋಮೇಶ. ಥೂ, ಬರೆಯುವಾಗಲೂ ಕೈಗೆ ಹೇಸಿಗೆ ಹತ್ತಿದಂತಾಗುತ್ತದೆ. ನಾನು ಓಡಿ ಬರುವ ಹೊತ್ತಿಗೆ ಅಮೂಲ್ಯ, "ಅಮ್ಮನ್ನ ಕೇಳಲ್ದ ಹೋಗಂಗಿಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು. ಅವನು ನಗುತ್ತಲೇ ಆಕಿಯ ಸೊಂಟಕ್ಕೆ ಕೈ ಸುತ್ತಿ ಹಿಡಿದ. ಕಚ್ಚಿದಳು ನೋಡು! ಮುಂಗೈ ರಕ್ತ ಬರುವ ಹಾಗೆ ಕಚ್ಚಿ, ಬೈಕಿನಿಂದ ಜಾರಿ ಇಳಿದಳು. ಅವನ ಬಾಯಿಂದ ಆಗ ಒಂದು ಬೈಗುಳ ಬಂತು. ಅದನ್ನು ಇಲ್ಲಿ ಬರೆಯಲಾರೆ, ಕುಡುಕರೂ ಮಕ್ಕಳ ಮುಂದೆ ಆ ಮಾತು ಆಡುವುದಿಲ್ಲ.

ಅದನ್ನು ಕೇಳಿಯೂ ಇವರಿಗೆ ಬುದ್ಧಿ ಬರಲಿಲ್ಲ. ಸೋಮೇಶ ಮಗುವಿನ ಬೆನ್ನಿಗೆ ಒಂದು ಏಟು ಕೊಟ್ಟ. ನಿನ್ನ ಮಾವ ಆಕಿಯ ಕತ್ತು ಹಿಡಿದು ಬಗ್ಗಿಸಿ, "ಪಾದ ಹಿಡಿ, ತಪ್ಪಾತು ಅನ್ನು" ಎಂದರು. ಹೇಳಿಸಿದರು ಕೂಡ. ಅಳುತ್ತಾ ಹೇಳಿತು ಕೂಸು. ನಾನು ಹಿಟ್ಟಿನ ಕೈಯಲ್ಲೇ ಮಗುವನ್ನು ಎಳೆದುಕೊಂಡು ಒಳಗೆ ಬಂದು ಚಿಲಕ ಹಾಕಿದೆ. ಹೊರಗೆ ನಿನ್ನ ಮಾವ, "ಹೆಂಗಸ್ರಿಗೆ ಭಯ ಭಕ್ತಿ ಇಲ್ಲ, ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದು ಅವನಿಗೆ ಶಾಲು ಹೊದಿಸಿ, ಹಣ್ಣು ಕೊಟ್ಟು ಕಳಿಸಿದರು.

ನನಗೆ ಆ ಮಠದ ಮಾತೇ ನಂಬಿಕೆಯಾಗಲಿಲ್ಲ. ಮರುದಿನ ಬಳ್ಳಾರಿಗೆ, ನನ್ನ ತಮ್ಮ ವಾಗೀಶನಿಗೆ ಫೋನು ಮಾಡಿ, ಆ ಮಠಕ್ಕೆ ಹೋಗಿ ವಿಚಾರಿಸಿ ಬಾ ಎಂದೆ. ನಿನ್ನೆ ಹೋಗಿ ಬಂದ. ಅಲ್ಲಿ ಯಾವ ಮರಿಸ್ವಾಮಿಯೂ ಇಲ್ಲ. ಹೀಗೇ ಮಠದ ಹೆಸರು ಹೇಳಿಕೊಂಡು ಒಬ್ಬ ತಿರುಗುತ್ತಿದ್ದಾನೆ, ಸಿಂಧನೂರಿನ ಕಡೆ ಒಂದು ಮನೆಯವರು ಹೊಡೆದು ಓಡಿಸಿದ್ದಾರೆ, ಅಲ್ಲಿಯೂ ಮಗುವಿನ ವಿಷಯವೇ ಎಂದು ಮಠದವರೇ ಹೇಳಿದರಂತೆ. ಗಂಗೋತ್ರಿ, ಅದನ್ನು ಕೇಳಿ ನಾನು ನೇರ ನಡುಮನೆಗೆ ಹೋಗಿ ಅಪ್ಪ ಮಗ ಇಬ್ಬರಿಗೂ ಹೇಳಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಎಲ್ಲರಿಗೂ ಹೇಳುತ್ತಾರೆ ನಿನ್ನ ಮಾವ, ತಮಗೆ ಮಾತ್ರ ಹೇಳಿಕೊಳ್ಳಲಿಲ್ಲ.

ಇನ್ನು ನನಗೆ ನಿಜವಾಗಿ ವಾಕರಿಕೆ ಬಂದದ್ದು ಹೇಳುತ್ತೇನೆ. ಸುದ್ದಿ ತಿಳಿಸಿದ ಕೂಡಲೇ ಸೋಮೇಶ ಬಚ್ಚಲಿಗೆ ಓಡಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಲು ನೋಡಿದ. ಸೋಮವಾರ ಕುಡಿದದ್ದು ಬುಧವಾರ ಬರುತ್ತದೆಯೇ, ಮೂಢ! ನಿನ್ನ ಮಾವ ತಣ್ಣೀರು ಸ್ನಾನ ಮಾಡಿದರು. ಆ ಹಿತ್ತಾಳೆ ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ತಾವೇ ತಿಕ್ಕಿದರು. ಶುದ್ಧಿಗೆ ಯಾವ ಸ್ವಾಮಿಗಳನ್ನು ಕರೆಯಬೇಕು ಎಂದು ಅಪ್ಪ ಮಗ ರಾತ್ರಿ ಊಟದ ತನಕ ಮಾತಾಡಿದರು. ಎಂಥವನ ಕಾಲು ತೊಳೆದ ನೀರು ಹೊಟ್ಟೆಗೆ ಹೋಯಿತಲ್ಲ ಎಂಬ ಅಸಹ್ಯ ಅವರಿಗೆ. ಎಂಥವನ ಕೈಗೆ ಕೂಸನ್ನು ಕೊಟ್ಟೆವಲ್ಲ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಪೊಲೀಸರಿಗೆ ಹೇಳಿರಿ ಎಂದೆ. "ಏನೂ ಆಗಿಲ್ಲಲ್ಲ, ಬಿಡು. ಗೊತ್ತಾದ್ರ ಬಜಾರದಾಗ ಮುಖ ಎತ್ತಾಕ ಆಗಂಗಿಲ್ಲ. ಗಂಗೋತ್ರಿಗೂ ಹೇಳಬ್ಯಾಡ, ನೌಕ್ರಿ ಬಿಟ್ಟು ಓಡಿ ಬರ್ತಾಳ" ಎಂದರು. ಸೋಮೇಶ, "ಪರ್ವಾಲೇದು ಮಾ, ಪಿಲ್ಲ ಮರ್ತು ಬಿಡ್ತಾಳ" ಎಂದು ತೆಲುಗು ಬೆರೆಸಿ ಹೇಳಿದ, ಏನೂ ಪರವಾಗಿಲ್ಲವಂತೆ. ಇಬ್ಬರಿಗೂ ಮುಖಕ್ಕೆ ಮಂಗಳಾರತಿ ಮಾಡಿದೆ. ಗೋಡೆಗೆ ಹೇಳಿದಂತಾಯಿತು.

ಕೂಸು ಮರೆಯುತ್ತದಂತೆ! ಶಾಲೆಯಲ್ಲಿ ಹರಿತಾ ಟೀಚರು ಹೇಳಿಕೊಟ್ಟಿದ್ದರಂತೆ, ಮನೆಯವರನ್ನು ಕೇಳದೆ ಯಾರಾದರೂ ಕರೆದೊಯ್ದರೆ ಕೂಗಬೇಕು, ಕಚ್ಚಬೇಕು ಎಂದು. ಹೇಳಿದಂತೆ ಮಾಡಿದ್ದಕ್ಕೆ ಏಟು ತಿಂದಳು. ಈಗ ಹೊತ್ತಿಗೊಮ್ಮೆ ಬಂದು, "ಅಜ್ಜಿ, ಅಪ್ಪನಽ ಹೋಗು ಅಂದ್ರ ಹೋಗಬೇಕಾ?" ಎಂದು ಕೇಳುತ್ತಾಳೆ. ಹೊರಗಿನವರೆಂದರೆ ಇವರಿಗೆ ಎಷ್ಟು ಅನುಮಾನ ನೋಡು: ಶಾಲೆಯ ಗೇಟಿನಲ್ಲಿ ಬೊಂಬಾಯಿ ಮಿಠಾಯಿ ಮಾರುವ ಯರ್ರೆಪ್ಪ, ಎಷ್ಟೋ ವರ್ಷದಿಂದ ಅದೇ ಜಾಗದಲ್ಲಿ ನಿಲ್ಲುವವನು, ಮಗುವಿನ ಹೆಸರು ಕೇಳಿದನೆಂದು ನಿನ್ನ ಮಾವ ಅವನ ಮೇಲೆ ಕೋಲೆತ್ತಿಕೊಂಡು ಹೋಗಿದ್ದರು. ನನಗೆ ಮಕ್ಕಳನ್ನು ಗೂಡಿನಲ್ಲಿಟ್ಟು ಸಾಕುವ ಆಸೆಯಿಲ್ಲ. ಬಂದವರಿಗೆ ನೀರು ಕೊಡಲಿ, ನಮಸ್ಕಾರ ಮಾಡಲಿ, ಮಾತಾಡಲಿ. ಆದರೆ ಒಲ್ಲೆ ಎಂದ ಮೇಲೆ ಮುಗಿಯಿತು. ಬಂದವನು ಗುರುವಾದರೇನು, ಬಂಧುವಾದರೇನು, ಮಗುವನ್ನು ಎತ್ತಿ ಯಾರ ತೊಡೆಗೂ ಇಡಕೂಡದು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯುವವರಿಗೆ ದಾರಿ ಬಿಟ್ಟರೆ ಮಗು ಯಾರನ್ನು ನಂಬಬೇಕು ಹೇಳು.

ಭಾನುವಾರ ಬಂದುಬಿಡು. ಅಮೂಲ್ಯಳನ್ನು ನಿನ್ನ ಹತ್ತಿರವೇ ಇಟ್ಟುಕೋ, ಅಲ್ಲಿಯೇ ಶಾಲೆಗೆ ಸೇರಿಸು. ನೀನು ಪಾಠ ಹೇಳಲು ಹೋದಾಗ ನೋಡಿಕೊಳ್ಳುವವರು ಯಾರು ಎನ್ನಬೇಡ, ನಾನೂ ಬರುತ್ತೇನೆ. ಇಲ್ಲಿ ಅಪ್ಪ ಮಗ ತಟ್ಟೆ ತಿಕ್ಕಿಕೊಂಡಿರಲಿ. ಬಸವಣ್ಣ ನಿನ್ನನ್ನೂ ನಿನ್ನ ಕೂಸನ್ನೂ ಕಾಯಲಿ. ಕೆಮ್ಮು ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸು.

ನಿನ್ನನ್ನು ಮಗಳೆಂದುಕೊಂಡಿರುವ,
ಎರ್ರಮ್ಮ

ಮರೆತೆ ಎನ್ನಬೇಡ, ಇದು ಈಗಷ್ಟೇ ಆದದ್ದು: ಕಾಗದ ಮಡಿಸುತ್ತಿದ್ದೆ, ಮೂರನೇ ಮನೆಯ ನಾಗಜ್ಯೋತಿ ಕುಂಕುಮ ಹಿಡಿದು ಬಂದಳು. ನಾಳೆ ಅವರ ಮನೆಯಲ್ಲಿ ಪಾದಪೂಜೆಯಂತೆ. ಅದೇ ಮಠ, ಅದೇ ಮರಿಸ್ವಾಮಿ. "ನಿಮ್ಮ ಮನಿಗೆ ಬಂದು ಹೋಗ್ಯಾರಂತಲ್ರಿ, ಅದಕಽ ನಮ್ಮವರು ಒಪ್ಪಿದ್ರು" ಎಂದಳು. ಆಕಿಗೆ ಎರಡು ಹೆಣ್ಣುಮಕ್ಕಳು, ದೊಡ್ಡದಕ್ಕೆ ಇನ್ನೂ ಹಲ್ಲು ಬೀಳುತ್ತಿವೆ. ನಿನ್ನ ಮಾವ ಉಯ್ಯಾಲೆಯ ಮೇಲೆ ಕೂತು ಎಲ್ಲ ಕೇಳಿದರು. ಕೇಳಿ, ಆಕಿಯ ಮುಖ ನೋಡಿಕೊಂಡೇ, "ಚಲೋ ಆತು, ಮಾಡ್ರಿ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕಿ ಮುಂದಿನ ಮನೆಗೆ ಕುಂಕುಮ ಕೊಡಲು ಹೋಗಿಬಿಟ್ಟಿದ್ದಳು. ನಾನು ಚಪ್ಪಲಿ ಹಾಕಿಕೊಂಡಿದ್ದೇನೆ. ಮೊದಲು ನಾಗಜ್ಯೋತಿಯ ಮನೆ, ಅಲ್ಲಿಂದ ಪೊಲೀಸ್ ಸ್ಟೇಷನ್, ದಾರಿಯಲ್ಲಿ ಈ ಕಾಗದ ಪೋಸ್ಟಿಗೆ. ನಿಮ್ಮ ಅತ್ತೆಗೆ ತಲೆ ಕೆಟ್ಟಿದೆ ಎಂದು ಇಲ್ಲಿಂದ ಫೋನು ಬಂದರೆ ಹೂಂ ಅನ್ನು. ಅಮೂಲ್ಯಳನ್ನೂ ಕೈ ಹಿಡಿದು ಕರೆದುಕೊಂಡು ಹೊರಟಿದ್ದೇನೆ. ಮನೆಯಲ್ಲಿ ಆಕಿಯ ಅಜ್ಜ ಇದ್ದಾರೆ, ಅಪ್ಪ ಇದ್ದಾನೆ, ಕೂಸನ್ನು ನಂಬಿ ಬಿಟ್ಟು ಹೋಗುವಂಥವರು ಯಾರೂ ಇಲ್ಲ.